ಕೈಯಾರೆ ಕೊಡಬೇಕೆಂದಿದ್ದ ಕಾರ್ಡು

ವಿಜಯದಶಮಿಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಜೀವಮಾನದಲ್ಲಿ ಮೊದಲ ಸಲ ಫೋನಿನಲ್ಲಿ ಒಂದು ಶುಭಾಶಯದ ಕಾರ್ಡು ಕಳುಹಿಸಿದೆ. ಬಾದಾಮಿಯ ಸುನಂದಾಬಾಯಿಯವರು ಅದನ್ನು ಕಂಡು ಬಿದ್ದು ಬಿದ್ದು ನಗುತ್ತಾರೆಂದು ಕಾದು ಕುಳಿತೆ. ಅವರ ನಂಬರಿನಿಂದ ಕರೆ ಬಂತು. ಮಾತಾಡಿದವಳು ಅವರ ಸೊಸೆ ದಾನೇಶ್ವರಿ.

"ಕಾಕಾ, ಅತ್ತಿ ಹೋಗಿಬಿಟ್ರರಿ. ನಸಿಕಿನ್ಯಾಗ ಎದಿನೋವು ಅಂದ್ರು. ದವಾಖಾನಿ ಮುಟ್ಟಲಿಲ್ಲ."

ಇಳಕಲ್ಲಿನಿಂದ ಬಾದಾಮಿಗೆ ಹೊರಟ ಬಸ್ಸನ್ನು ನಾನು ಹೇಗೆ ಹತ್ತಿದೆನೋ ತಿಳಿಯದು.

ನಾವಿಬ್ಬರೂ ಸಂಗಾತಿಯನ್ನು ಕಳೆದುಕೊಂಡವರು. ಸಾಲೆಯ ಕೆಲಸದಿಂದ ನಿವೃತ್ತರಾಗಿದ್ದ ಅವರು ಸೀರೆಗೆಂದು ಇಳಕಲ್ಲಿಗೆ ಬಂದಾಗ, ಪೆನ್ನು ಕೊಳ್ಳಲು ಹುಸೇನಸಾಬನ ಅಂಗಡಿ ಹೊಕ್ಕಿದ್ದರು. ನಾನು ಅಲ್ಲಿ ಕಾರ್ಡು ಆರಿಸುತ್ತಿದ್ದೆ.

"ಇವನ್ನ ಇನ್ನೂ ಮಾರ್ತೀರೇನ್ರಿ?" ಎಂದರು.

"ಈ ರಾಚಪ್ಪನೋರು ಇರೂತನಕ ಮಾರ್ತೇನ್ರಿ," ಎಂದ ಸಾಬ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಟಪಾಲು ಮುಟ್ಟೂದ್ರಾಗ ಹಬ್ಬ ಹಳಸಿರತೈತ್ರಿ. ಫೋನಿನ್ಯಾಗ ಕಳಸ್ರಿ, ದೀಪ ಸೈತ ಉರೀತೈತಿ."

"ಎಣ್ಣಿ ಇಲ್ಲದ ದೀಪ ಎಷ್ಟೊತ್ತು ಉರೀತೈತ್ರಿ, ಬಾಯಾರ?"

ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆದರೆ ಕಣ್ಣು ನಗುತ್ತಿದ್ದವು.

ಅಲ್ಲಿಂದ ಪ್ರತಿ ಹಬ್ಬಕ್ಕೂ ಜಗಳ. ನನ್ನದು ಕಾಗದದ ಕಾರ್ಡು, ಅವರದು ಫೋನಿನದು. ದಸರೆಗೆ ಮಾತ್ರ ನಾನೇ ಬಾದಾಮಿಗೆ ಹೋಗಿ ಬನ್ನಿ ಕೊಟ್ಟು ಬರುತ್ತಿದ್ದೆ.

ಈ ಶ್ರಾವಣದಲ್ಲಿ ಧೈರ್ಯ ಮಾಡಿ ಕೇಳಿದೆ: "ನಾಕು ಮಂದಿ ಎದುರಿಗೆ ಮದಿವ್ಯಾಗಿ, ಇಳಕಲ್ಲಿಗೆ ಬಂದುಬಿಡ್ರಿ."

"ದಸರಾಕ್ಕ ಹೇಳ್ತೇನ್ರಿ. ಈ ವಯಸ್ಸಿನ್ಯಾಗ ಅವಸರ ಮಾಡಬಾರದು."

"ಈ ವಯಸ್ಸಿನ್ಯಾಗ ತಡಾ ಮಾಡಬಾರದ್ರಿ," ಎಂದೆ. ಇಬ್ಬರೂ ನಕ್ಕೆವು.

ಬಾದಾಮಿಯ ಮನೆಯ ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ದಾನೇಶ್ವರಿ ಒಳಗಿನಿಂದ ಒಂದು ಕಾರ್ಡು ತಂದು ನನ್ನ ಕೈಗಿತ್ತಳು. ಕಾಗದದ್ದು. ಒಳಗೆ ದುಂಡಗಿನ ಸಾಲೆಯ ಅಕ್ಷರ: "ಬರ್ತೇನ್ರಿ. ಮುಂಜಾನಿ ಚಹಾ ಮಾತ್ರ ನೀವು ಮಾಡಬೇಕು."

"ನಿನ್ನೆ ನಾ ಅಂದ್ನಿರಿ, ಕಾಕಾ, ಫೋಟೋ ತೆಗದು ಫೋನಿನ್ಯಾಗ ಕಳಸ್ತೇನಿ, ಈಗಿಂದೀಗ ಮುಟ್ಟತೈತಿ ಅಂತ. 'ಹುಚ್ಚಿ, ನಾಳೆ ಬರ್ತಾರ, ಕೈಯಾಗ ಕೊಡ್ತೇನಿ. ಓದೂಮುಂದ ಅವರ ಮಾರಿ ನೋಡೂದು ಬ್ಯಾಡೇನ?' ಅಂದ್ರು. ಕಳಿಸಿದ್ರ ನೀವು ನಿನ್ನೇನ ಬರ್ತಿದ್ರಿ." ಅವಳ ದನಿ ಒಡೆಯಿತು.

"ನೀ ಅಳಬ್ಯಾಡವ್ವಾ. ಅವರು ಅಂದದ್ದು ಖರೆ ಐತಿ," ಎಂದೆ. ನನ್ನ ಮುಖವನ್ನು ಈಗ ಯಾರೂ ನೋಡದಿರಲೆಂದು ಗೋಡೆಯ ಕಡೆಗೆ ತಿರುಗಿದೆ.

ಸಮಾಧಿಯ ಬಳಿ ವಿಭೂತಿ, ಪತ್ರಿ ಅರ್ಪಿಸುವಾಗ ಹಿರಿಯರೊಬ್ಬರು ನನ್ನನ್ನು ತಡೆದರು. "ಮೊದಲ ಮನಿಯವರು ಹಾಕ್ಲಿ, ಯಜಮಾನ್ರ. ತಾವು ಯಾರ್ರಿ ಇವರಿಗೆ?"

ನಾನು ಪತ್ರಿ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದೆ.

"ನಮ್ಮ ಮಾವನೋರರಿ," ಎಂದಳು ದಾನೇಶ್ವರಿ. ಜನ ದಾರಿ ಬಿಟ್ಟರು.

ನಾನು ಬಾಗಿ ಪತ್ರಿ ಇಟ್ಟೆ. ತಂದೆ ಕೂಡಲಸಂಗಮನಾಥಾ, ಇವರನ್ನು ನಿನ್ನ ಪಾದದಲ್ಲಿ ಇಂಬಿಟ್ಟುಕೋ. ದಣಿದ ಈ ಜೀವಕ್ಕೆ ಶಾಂತಿಯನ್ನು ಕೊಡು.