ಕನಕಮ್ಮನ ದನಿ ಕಟ್ಟಿದ ಪೆಟ್ಟಿಗೆ

“ಸದ್ದು ಏರಿಸಿ ಇಳಿಸೋ ಎಡಗಡೆ ಕಂಟ್ರೋಲ್ ಬದಲಾಯ್ಸು. ಬಲಗಡೇದು ಮಾತ್ರ ಮುಟ್ಟಬ್ಯಾಡ ಕಣಪ್ಪ. ಅದ್ರಾಗೆ ನಮ್ಮೋಳ ದನಿ ಕಟ್ಟಾಕವ್ರೆ,” ಎಂದ ಚಿಕ್ಕವೆಂಕಟಪ್ಪ.

ನರೇಶನಿಗೆ ನಗು ತಡೆಯಲಾಗಲಿಲ್ಲ. ಹಳೇ ಸ್ಪೀಕರ್ ಪೆಟ್ಟಿಗೆಯ ರಿಪೇರಿಗೆಂದು ಬಂಗಾರಪೇಟೆಯಿಂದ ಆಂಡರ್ಸನ್‌ಪೇಟೆಗೆ ಮೊದಲ ಸಲ ಬಂದಿದ್ದ. ಮನೆಯಲ್ಲಿ ಐದು ವರ್ಷದ ಮಗಳು ದಿವ್ಯ; ಅಪ್ಪ ತುತ್ತಿಡದೆ ಉಣ್ಣುವವಳಲ್ಲ. ಬೇಗ ಮುಗಿಸಿ ಸಂಜೆ ರೈಲು ಹಿಡಿಯಬೇಕಿತ್ತು.

“ದನಿಯಲ್ಲ ಯಜಮಾನ್ರೆ, ಬರೀ ಕಿಲುಬು!”

ಮೂಲೆಯಲ್ಲಿದ್ದ ಕನಕಮ್ಮ, ಚಿಕ್ಕವೆಂಕಟಪ್ಪನ ಹೆಂಡತಿ, ಬೇಡವೆಂದು ಕೈ ಮುಗಿದಳು. ಏಳು ವರ್ಷದಿಂದ ಆಕೆಗೆ ಮಾತಿಲ್ಲ. ಯಾಕೆಂದು ಗಂಡನೇ ಹೇಳಿದ. ಆಕೆಯದು ಕರಿನಾಲಿಗೆ, ಆಡಿದ್ದು ಆಗಿಯೇ ತೀರುತ್ತಿತ್ತು. ಒಬ್ಬನೇ ಮಗ, ಹತ್ತೊಂಬತ್ತರ ವೇಣು, ಈ ಪೆಟ್ಟಿಗೆಯ ಹಾಡು ನಿಲ್ಲಿಸದಿದ್ದಾಗ, “ಆಳಾಗೋಗು, ಮನೆಗೆ ಬರಬ್ಯಾಡ” ಎಂದುಬಿಟ್ಟಳು. ಸಂಜೆಗೆ ಹುಡುಗ ಕೆರೆಯಲ್ಲಿ ತೇಲಿದ. ತಾಯಿ ತಾನಾಗಿಯೇ ಕಾಮಸಮುದ್ರದ ಮಾಂತ್ರಿಕನ ಕಾಲು ಹಿಡಿದು ಇದೇ ಪೆಟ್ಟಿಗೆಯೊಳಗೆ ದನಿ ಕಟ್ಟಿಸಿಕೊಂಡಳು. ಅಯ್ಯೋ, ಹೆತ್ತ ಕರುಳಿಗೆ ಇಂಥ ಶಿಕ್ಷೆಯೇ!

ಇಷ್ಟು ಕೇಳಿದ ಮೇಲಾದರೂ ಸುಮ್ಮನಿರಬಾರದಿತ್ತೇ? ಆದರೆ ನರೇಶನಿಗೆ ಕಸುಬಿನ ಜಂಬ. ಬದಲಾಯಿಸಿದರೆ ಜೋಡಿಯೇ ಬದಲಾಯಿಸಬೇಕು, ಒಂದು ಹೊಸದು ಒಂದು ಹಳೆಯದಾದರೆ ಸ್ವರದ ತೂಕ ತಪ್ಪುತ್ತದೆ ಎಂಬುದು ಅವನ ನೇಮ. ಚಿಕ್ಕವೆಂಕಟಪ್ಪ ಟೀ ತರಲು ಹೋದದ್ದೇ ತಡ, ಬಲಗಡೆಯದಕ್ಕೂ ಕಾವಿಟ್ಟ. ಬೆಸುಗೆ ಕರಗಿತು. ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಂಟ್ರೋಲಿನೊಳಗೆ ತಂತಿಯ ಸುರುಳಿಯ ಜೊತೆಗೇ ಸುತ್ತಿತ್ತು ಹೆಂಗಸಿನ ಒಂದು ಉದ್ದನೆಯ ಕೂದಲು. ಅದು ಪಟ್ಟನೆ ಹರಿಯಿತು.

ನಡುಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ಆದರೂ ಕೋಣೆ ಕತ್ತಲಾಯಿತು. ಪಾಚಿಯ ನಾತ. ಕರೆಂಟು ಕೊಡದ ಪೆಟ್ಟಿಗೆ ಗರಗರ ಎಂದಿತು. ಆ ಸದ್ದು ಕನಕಮ್ಮನ ಗಂಟಲಿಗೆ ಇಳಿಯಿತು.

ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗಲಿಲ್ಲ. ಪೆಟ್ಟಿಗೆಯ ಮುಂದೆ ಬಗ್ಗಿದ ನರೇಶನ ಬೆನ್ನು ಕಂಡಿತ್ತು, ಮಗ ಕೂರುತ್ತಿದ್ದ ಹಾಗೆಯೇ. ಏಳು ವರ್ಷ ನುಂಗಿದ್ದು ಉಕ್ಕಿತು.

“ವೇಣು... ಬಂದ್ಯಾ ನನ್ನಪ್ಪ! ಇನ್ನೆಲ್ಲೂ ಓಗಬ್ಯಾಡ ಕಣೋ!”

ನರೇಶ ಎದ್ದ. ಓಡಿದ. ಹೊಸ್ತಿಲು. ಕಾಲು ಏಳಲಿಲ್ಲ. ಎಳೆದ. ಏಳಲಿಲ್ಲ. ಟೀ ಹಿಡಿದು ಬಂದ ಚಿಕ್ಕವೆಂಕಟಪ್ಪ ಅವನ ಮುಖ ನೋಡಿದ. ಲೋಟ ಕೈಜಾರಿತು.

“ಮಗಾ!” ಎಂದು ತಬ್ಬಿಕೊಂಡು ಗೊಳೋ ಎಂದು ಅತ್ತ.

“ನಾನು ನರೇಶ! ಬಿಡಿ!”

ಬಾಯಿಂದ ಹೊರಟ ದನಿ ಅವನದಲ್ಲ. ಹತ್ತೊಂಬತ್ತರ ಹುಡುಗನದು.

ಮನೆಗೆ ಫೋನ್ ಮಾಡಿದ. ಮಗಳೇ ಎತ್ತಿದಳು.

“ದಿವ್ಯಾ, ಅಪ್ಪ ಕಣಮ್ಮ... ಅಪ್ಪ...”

ಮಗು ಅಡುಗೆಮನೆ ಕಡೆ ತಿರುಗಿ ಕೂಗಿತು.

“ಅಮ್ಮಾ, ಅಪ್ಪನ ಫೋನಲ್ಲಿ ಯಾರೋ ಅಣ್ಣ ಅಳ್ತಾವ್ನೆ.”