ಬಿಳಿಗಲ್ಲೂರಿನ ಒಬ್ಬಳೇ ಒಬ್ಬಳು

ಬಿಳಿಗಲ್ಲೂರಿನ ಸಹಕಾರಿ ಸಂಘದ ಬಾಗಿಲಲ್ಲಿ ಜನ ಹೊಸ್ತಿಲು ಎಂದು ತಿಳಿದು ದಾಟುತ್ತಿದ್ದದ್ದು ಹೊಸ್ತಿಲಾಗಿರಲಿಲ್ಲ. ಎರಡು ಬೆರಳು ದಪ್ಪದ ಬೂದು ಪಟ್ಟಿ ಅದು. ಮೇಲೆ ಕಾಲಿಟ್ಟವರ ಭಾರ ಯಾವ ಪಾದದ ಮೇಲೆ ಹೆಚ್ಚು ಬೀಳುತ್ತದೆ, ಮೊಣಕಾಲು ಎಷ್ಟು ಮಡಚುತ್ತದೆ ಎಂಬುದನ್ನು ಅದು ಸದ್ದಿಲ್ಲದೆ ಅಳೆದುಕೊಳ್ಳುತ್ತಿತ್ತು. ಬಾಗಿಲ ಚೌಕಟ್ಟಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಕಣ್ಣೊಂದಿತ್ತು. ಮೈಯ ಉಳಿದ ಭಾಗವನ್ನು ಅದು ನೋಡಿಕೊಳ್ಳುತ್ತಿತ್ತು. ಎರಡೂ ಸೇರಿ ಮೂರು ಸೆಕೆಂಡಿನಲ್ಲಿ ಆ ಮನುಷ್ಯನಿಗೊಂದು 'ತೊಡಕಿನ ಅಂಕ' ಕೊಡುತ್ತಿದ್ದವು. ಸೊನ್ನೆ ಬಂದರೆ ತೊಡಕಿಲ್ಲ. ನಲವತ್ತು ದಾಟಿದರೆ ನಡೆದಾಟದ ಅಂಗವಿಕಲರ ಪಟ್ಟಿಗೆ ಸೇರ್ಪಡೆ.

ಯಂತ್ರದ ಹೆಸರು ನಡೆಗಣಕ. 2058ರ ಹೊತ್ತಿಗೆ ದೇಶದಲ್ಲಿ ಇಂಥವು ಆರು ಲಕ್ಷ ಇದ್ದವು. ಹಿಂದೆ ಹತ್ತು ವರ್ಷಕ್ಕೊಮ್ಮೆ ಗಣತಿಯವರು ಮನೆಗೆ ಬಂದು, "ನಿಮ್ಮಲ್ಲಿ ಅಂಗವಿಕಲರು ಯಾರಾದರೂ ಇದ್ದಾರೆಯೇ?" ಎಂದು ಕೇಳುತ್ತಿದ್ದರು. ಕೆಲವರು ನಾಚಿಕೆಗೆ, ಕೆಲವರು ಮಗಳ ಮದುವೆಗೆ ಹೆದರಿ, ಮತ್ತೆ ಕೆಲವರು ಬಂದವರು ಬೇಗ ತೊಲಗಲಿ ಎಂದು 'ಇಲ್ಲ' ಎನ್ನುತ್ತಿದ್ದರು. ಈಗ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಹೊಸ್ತಿಲನ್ನು ದಾಟಲಾಗದೆ ಮಲಗಿದಲ್ಲೇ ಇರುವವರು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ ಎಂದು ಒಂದಿಬ್ಬರು ತಕರಾರು ತೆಗೆದರು. ತಕರಾರನ್ನು ಕಡತದಲ್ಲಿ ಭದ್ರವಾಗಿ ಇರಿಸಲಾಯಿತು.

ಯಂತ್ರವನ್ನು ರೂಪಿಸಿದ ಡಾ. ಮೃಣಾಲಿನಿ ಶೇಟ್‌ರನ್ನು ಅಂಕಿ ಅಂಶ ಇಲಾಖೆಯ ನಿರ್ದೇಶಕ ಮುತ್ತಣ್ಣ ಒಂದು ಬೆಳಿಗ್ಗೆ ಬೆಂಗಳೂರಿನ ತಮ್ಮ ಕಚೇರಿಗೆ ಕರೆಸಿಕೊಂಡರು. ಮುತ್ತಣ್ಣನವರು ಯಾವ ಅಂಕಿಯನ್ನೂ ಸುಲಭಕ್ಕೆ ನಂಬುವವರಲ್ಲ. ಆ ಕೆಲಸಕ್ಕೆ ಅದು ಒಳ್ಳೆಯ ಗುಣವೇ.

"ರಾಜ್ಯದಲ್ಲಿ ಸರಾಸರಿ ನೂರಕ್ಕೆ ನಾಲ್ವರು. ಈ ಬಿಳಿಗಲ್ಲೂರಿನಲ್ಲಿ ಸಾವಿರದ ಮುನ್ನೂರ ನಲವತ್ತೆರಡು ಜನಕ್ಕೆ ಒಬ್ಬರು. ಒಬ್ಬರೇ! ಯಾರೋ ಯಂತ್ರಕ್ಕೆ ಕೈ ಹಾಕಿದ್ದಾರೆ ಡಾಕ್ಟ್ರೇ."

"ಕೈ ಹಾಕುವವರು ಸಂಖ್ಯೆಯನ್ನು ಏರಿಸುತ್ತಾರೆ, ಸರ್. ಸಂಖ್ಯೆ ಹೆಚ್ಚಿದ್ದ ಊರಿಗೆ ಹೊಳೆ ನೀರಿನ ಕೊಳವೆ ಮೊದಲು ಹೋಗುತ್ತದೆ. ಇಳಿಸಿಕೊಂಡು ಯಾರಿಗೇನು ಲಾಭ?"

"ಅದನ್ನೇ ನೋಡಿಕೊಂಡು ಬನ್ನಿ. ತಿಂಗಳ ಕೊನೆಗೆ ಕೊಳವೆಯ ಊರುಗಳ ಪಟ್ಟಿ ಮುಚ್ಚುತ್ತದೆ."

ಮೃಣಾಲಿನಿ ಗದಗ ಸೀಮೆಯ ಆ ಊರಿಗೆ ಬಂದಿಳಿದಾಗ ಹತ್ತು ಗಂಟೆಯ ಬಿಸಿಲು. ಸಂಘದ ಬಾಗಿಲಿನ ಬೂದು ಪಟ್ಟಿಯನ್ನು ಬಿಚ್ಚಿ ನೋಡಿದರು. ಯಾರೂ ಮುಟ್ಟಿರಲಿಲ್ಲ, ತಂತಿಗಳೆಲ್ಲ ನೆಟ್ಟಗಿದ್ದವು. ಇದರಿಂದ ಅವರ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಾಯಿತು. ಓಣಿಯಲ್ಲಿ ನಡೆಯುತ್ತಾ ಹೋದಂತೆ ಇನ್ನೂ ಏನೋ ಸರಿಯಿಲ್ಲವೆನಿಸಿತು. ನಲ್ಲಿಗಳೆಲ್ಲ ಎದೆಮಟ್ಟದಲ್ಲಿದ್ದವು. ಕೊಡಗಳು ಎತ್ತರದ ಕಟ್ಟೆಯ ಮೇಲಿದ್ದವು. ರಂಗೋಲಿ ಬಾಗಿಲ ಮುಂದಿನ ನೆಲದ ಮೇಲಿರಲಿಲ್ಲ, ಪಕ್ಕದ ಗೋಡೆಯ ಮೇಲಿತ್ತು. ಪ್ರತಿ ಮನೆಯ ಬಾಗಿಲಲ್ಲೂ ತುದಿಗೆ ಇಕ್ಕಳ ಕಟ್ಟಿದ ಉದ್ದನೆಯ ಕೋಲೊಂದು ತೂಗುತ್ತಿತ್ತು. ಜನ ಅವರನ್ನು ಕಂಡು ಮಾತು ನಿಲ್ಲಿಸುತ್ತಿದ್ದರು, ದಾಟಿದ ಮೇಲೆ ಮತ್ತೆ ಶುರು ಮಾಡುತ್ತಿದ್ದರು.

ಒಂದೇ ಒಂದು ಮನೆಯ ಮುಂದೆ ನೆಲದ ಮೇಲೆ ರಂಗೋಲಿಯಿತ್ತು. ಆ ಊರಿನ ಒಬ್ಬಳೇ ಅಂಗವಿಕಲೆ ಇದ್ದದ್ದು ಆ ಮನೆಯಲ್ಲಿ. ಹೆಸರು ಕಸ್ತೂರಿ, ವಯಸ್ಸು ಇಪ್ಪತ್ತೆರಡು. ತುಂಗಭದ್ರೆಯ ದಂಡೆಯ ಊರಿನಿಂದ ಎಂಟು ತಿಂಗಳ ಹಿಂದೆ ಮದುವೆಯಾಗಿ ಬಂದವಳು, ಈಗ ಮೂರು ತಿಂಗಳ ಬಸುರಿ. ಅಂಕ ನಲವತ್ತು ದಾಟಿದವರ ಮನೆಗೆ ಇಲಾಖೆ ಚಿಕಿತ್ಸೆಯ ಹಳದಿ ಚೀಟಿ ಕಳಿಸುತ್ತದೆ. ಒಳ್ಳೆಯ ಉದ್ದೇಶದ ಆ ಚೀಟಿ ಬಂದ ದಿನದಿಂದ ಅವಳ ಬಾಳಿಗೆ ಬೆಂಕಿ ಬಿದ್ದಿತ್ತು.

ಜಗಲಿಯ ಮೇಲೆ ಊರ ಹಿರಿಯ ಕೊಟ್ರಪ್ಪ ಕೂತಿದ್ದರು. ಅವರ ಪಕ್ಕದಲ್ಲಿ ಅತ್ತೆ ಅಡಿವೆವ್ವ, ಕಂಬಕ್ಕೊರಗಿ ಗಂಡ ಫಕ್ಕೀರೇಶ.

"ಬರ್ರಿ ಬಾಯಾರ, ಕುಂದರ್ರಿ," ಅಂದರು ಕೊಟ್ರಪ್ಪ. "ನೀವು ಬಂದಿದ್ದು ಚಲೋ ಆತು. ಈ ಹುಡುಗಿದು ಏನೈತಿ, ಇವತ್ತೊಂದು ತೀರ್ಮಾನ ಆಗಲಿ. ಇಕಿನ್ನ ಕರಕೊಂಡು ಹೋಗಾಕ ನಾಳೆ ಅವರಪ್ಪನ್ನ ಕರಸಾಕ ಹೇಳಿವಿ."

ಅಡಿವೆವ್ವ ತಡೆಯಲಿಲ್ಲ. "ಬ್ಯಾನಿ ಮುಚ್ಚಿಟ್ಟು ಕೊಟ್ಟಾರ್ರಿ! ಇಡೀ ಊರಾಗ ಯಾರಿಗೂ ಇಲ್ಲದ್ದು ಇಕಿಗೊಬ್ಬಾಕಿಗೆ ಹೆಂಗ ಬಂತು? ಇಕಿ ಕುಂತು ಏಳೋದು ನೋಡ್ರಿ ಒಮ್ಮೆ, ಎಲುಬ ಇಲ್ಲದಂಗ. ನನಗ ಮೊದಲ ದಿನಾನ ಸಂಶಯ ಬಂದಿತ್ತು. ಹೊಟ್ಟ್ಯಾಗಿನ ಕೂಸಿಗೂ ಅದ ಬಂದ್ರ ಏನ್ ಮಾಡೋದ್ರಿ?"

ಒಳಗಿನಿಂದ ಕಸ್ತೂರಿ ಚಹಾ ತಂದಳು. ಮೊಣಕಾಲು ಮಡಚದೆ, ಬೆನ್ನು ಬಿಗಿಹಿಡಿದು, ಹೆಜ್ಜೆ ಎಳೆದು ನಡೆಯುತ್ತಿದ್ದಳು. ಮೃಣಾಲಿನಿಗೆ ಯಂತ್ರದ ದಾಖಲೆ ನೆನಪಾಯಿತು. ಮೊದಲ ಬಾರಿ ಅರವತ್ತೊಂದಿದ್ದ ಇವಳ ಅಂಕ ವಾರದಿಂದ ವಾರಕ್ಕೆ ಇಳಿಯುತ್ತಾ ಬಂದಿತ್ತು.

"ಔಷಧಿ ಏನಾದರೂ ತಗೊಳ್ತಾ ಇದ್ದೀಯಾ ಅಮ್ಮಾ?"

"ಇಲ್ರಿ. ಈಗ ನಲ್ವತ್ತೆಂಟಕ್ಕ ಬಂದೇತ್ರಿ. ಇನ್ನೊಂದ್ ತಿಂಗಳು ಹಿಂಗ ನಡದ್ರ ಪಟ್ಟಿಯಿಂದ ಹೆಸರು ಹೋಗತೈತಿ." ಅವಳು ದನಿ ತಗ್ಗಿಸಿದಳು. "ಅತ್ತಿ ಹೆಂಗ ನಡೀತಾರ, ಅದನ್ನ ನೋಡಿ ನೋಡಿ ಹಂಗ ನಡ್ಯಾಕ ಕಲಿಯಾಕ ಹತ್ತೀನ್ರಿ. ರಾತ್ರಿ ಭಾಳ ನೋಯಿಸ್ತೈತಿ."

ಮೃಣಾಲಿನಿ ಚಹಾ ಕೆಳಗಿಟ್ಟು ಅಡಿವೆವ್ವನ ಮೊಣಕಾಲುಗಳತ್ತ ನೋಡಿದರು. ಅಷ್ಟರಲ್ಲಿ ಕೊಟ್ರಪ್ಪನವರ ತೊಡೆಯ ಮೇಲಿಂದ ಅಡಕೊತ್ತು ಜಾರಿ ನೆಲಕ್ಕೆ ಬಿತ್ತು. ಅವರು ಅತ್ತ ನೋಡಲೂ ಇಲ್ಲ. "ಕಸ್ತೂರೀ," ಅಂದರು, ಬಾಗಿಲ ಕೋಲಿಗೆ ಕೈಚಾಚುವಷ್ಟೇ ಸಹಜವಾಗಿ. ಅವಳು ನಟನೆ ಮರೆತು ಸರಕ್ಕನೆ ಬಗ್ಗಿ ಎತ್ತಿಕೊಟ್ಟಳು. ಎತ್ತಿದ ಮೇಲೆ ನೆನಪಾಗಿ ಮತ್ತೆ ಬೆನ್ನು ಬಿಗಿದುಕೊಂಡಳು.

"ಇವಳು ಬರುವ ಮೊದಲು ಬಿದ್ದದ್ದನ್ನು ಯಾರು ಎತ್ತುತ್ತಿದ್ದರು?" ಮೃಣಾಲಿನಿ ಕೇಳಿದರು.

"ಇಕ್ಕಳದ ಕೋಲು ಐತಲ್ರಿ," ಅಂದಳು ಅಡಿವೆವ್ವ. "ಈಗ ಓಣಿಯವರೆಲ್ಲ ಇಕಿನ್ನ ಕರೀತಾರ. ಸೂಜಿ ಬಿತ್ತು ಕಸ್ತೂರಿ, ಬೀಗದ ಕೈ ಬಿತ್ತು ಕಸ್ತೂರಿ. ಅದೊಂದು ಚಟ ಆಗೇತಿ ಮಂದಿಗೆ."

"ನೀವು ಸ್ವಲ್ಪ ಎದ್ದು ನಿಂತು, ಬಗ್ಗಿ ಮೊಣಕಾಲು ಮುಟ್ಟುತ್ತೀರಾ?"

"ವಯಸ್ಸಾತಲ್ರಿ ನನಗ."

"ಎಷ್ಟು?"

"ನಲ್ವತ್ತಾರು."

ಫಕ್ಕೀರೇಶ ನಕ್ಕ. ತಾನು ತೋರಿಸುತ್ತೇನೆಂದು ಮುಂದೆ ಬಂದು ಬಗ್ಗಿದ. ಇಪ್ಪತ್ತಾರರ ಗಟ್ಟಿ ಆಳು. ಕೈ ಮೊಣಕಾಲು ತಲುಪುವ ಮೊದಲೇ ನಿಂತುಬಿಟ್ಟಿತು. ನಗುತ್ತಲೇ ಇನ್ನೊಮ್ಮೆ ಪ್ರಯತ್ನಿಸಿದ. ಮೂರನೆಯ ಸಲ ಅವನು ನಗಲಿಲ್ಲ.

ಮೃಣಾಲಿನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ತಪ್ಪು ಯಂತ್ರದ್ದಲ್ಲ, ಅವರದೇ. ಆರಂಭದಲ್ಲಿ ನಡೆಗಣಕಕ್ಕೆ ಇಡೀ ರಾಜ್ಯಕ್ಕೊಂದೇ ಅಳತೆಗೋಲು ಇತ್ತು. ಆಗ ಗುಡ್ಡಗಾಡಿನವರ ನಡಿಗೆಯನ್ನೂ ದೋಣಿಯವರ ನಡಿಗೆಯನ್ನೂ ಅದು ತೊಡಕೆಂದು ಬರೆದುಕೊಂಡಿತು. ಅನ್ಯಾಯವಾಗಬಾರದೆಂದು ಮೃಣಾಲಿನಿಯೇ ಅದನ್ನು ಬದಲಿಸಿದ್ದರು. ಪ್ರತಿ ಯಂತ್ರವೂ ಮೊದಲ ಒಂದು ವರ್ಷ ಆಯಾ ಊರಿನ ಜನರ ನಡಿಗೆಯನ್ನೇ ಕಲಿತು, ಅವರ ಸರಾಸರಿಯನ್ನು ಸೊನ್ನೆಯೆಂದು ಇಟ್ಟುಕೊಳ್ಳಬೇಕು. ಅದರಿಂದ ಯಾರು ಎಷ್ಟು ದೂರವೋ ಅಷ್ಟು ಅಂಕ. ಕೀಲುಗಳು ಅತಿಯಾಗಿ ಸಡಿಲವಾಗುವ ಕಾಯಿಲೆಗಳೂ ಇರುವುದರಿಂದ, ಬಿಗಿಯ ಕಡೆಗಿರಲಿ ಸಡಿಲದ ಕಡೆಗಿರಲಿ, ದೂರಕ್ಕೆಲ್ಲ ಒಂದೇ ಲೆಕ್ಕ. ಈ ಸುಧಾರಣೆಗೆ ಅವರಿಗೆ ಪ್ರಶಸ್ತಿ ಬಂದಿತ್ತು. ಊರಿಗೆ ಊರೇ ಮರಗಟ್ಟಿದ್ದರೆ ಯಂತ್ರ ಏನನ್ನು ಕಲಿತೀತು ಎಂದು ಪ್ರಶಸ್ತಿ ಕೊಟ್ಟವರೂ ಕೇಳಿರಲಿಲ್ಲ, ತೆಗೆದುಕೊಂಡವರೂ ಯೋಚಿಸಿರಲಿಲ್ಲ.

"ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅನ್ನೋ ಲವಣ ಇರಬೇಕು," ಅಂದರು ಅವರು ನಿಧಾನವಾಗಿ. "ವರ್ಷಗಟ್ಟಲೆ ಕುಡಿದರೆ ಅದು ಎಲುಬಿನಲ್ಲಿ ಕೂತು ಕೀಲುಗಳನ್ನು ಬಿಗಿಯುತ್ತೆ. ಕಸ್ತೂರಿಗೆ ಯಾವ ಕಾಯಿಲೆಯೂ ಇಲ್ಲ. ಈ ಊರಲ್ಲಿ ನೆಟ್ಟಗಿರೋಳು ಇವಳೊಬ್ಬಳೇ."

ಫಕ್ಕೀರೇಶ ಹೋಗಿ ಮತ್ತೆ ಕಂಬಕ್ಕೊರಗಿದ.

"ನಮಗ ಬ್ಯಾನಿ ಐತಿ ಅಂತ ಹೇಳಾಕ ಬೆಂಗಳೂರಿಂದ ಬಂದೀರೇನು?" ಅಡಿವೆವ್ವ ಕಿಡಿಕಿಡಿಯಾದಳು. "ನಮ್ಮವ್ವ ಹಿಂಗ ನಡದ್ಲು, ನಮ್ಮತ್ತಿ ಹಿಂಗ ನಡದ್ಲು. ಇಕಿ ಅಪ್ಪ ನಿಮಗೇನರ ಹೇಳಿ ಕಳಿಸ್ಯಾನೇನು?"

ಕೊಟ್ರಪ್ಪ ಕೂಗಾಡಲಿಲ್ಲ. ಮೃಣಾಲಿನಿಗೆ ಅದು ಇನ್ನೂ ಕಷ್ಟವಾಯಿತು. "ಬಾಯಾರ, ಇದನ್ನ ಬರದ್ರ ನಮ್ಮ ಊರಿಗೆ ಯಾರು ಹೆಣ್ಣು ಕೊಡ್ತಾರ? ನಮ್ಮ ಹೆಣ್ಮಕ್ಕಳನ್ನ ಯಾರು ತರ್ತಾರ? ಈಗ ಒಬ್ಬಾಕಿ ಅದಾಳಲ್ಲ, ಹಂಗ ಇರಲಿ ಬಿಡ್ರಿ. ಒಬ್ಬಾಕಿ ನೋವು ಒಬ್ಬಾಕಿಗೆ ಮುಗೀತೈತಿ."

ಒಬ್ಬಳು ಹಾಗೆಯೇ ಉಳಿದರೆ ಮೃಣಾಲಿನಿಯ ಹೆಸರೂ ಉಳಿಯುತ್ತಿತ್ತು. ಆ ಯೋಚನೆ ಅವರಿಗೆ ಬಾರದೇ ಇರಲಿಲ್ಲ. ಬಂದು, ನಾಚಿಕೆಯಾಗುವಷ್ಟು ಹೊತ್ತು ನಿಂತಿತ್ತು. ಆಮೇಲೆ ಚೀಲದಿಂದ ಗಣಕವನ್ನು ತೆಗೆದು, ಊರಿನ ಅಳತೆಗೋಲನ್ನು ಅಳಿಸಿ ರಾಜ್ಯದ ಹಳೆಯ ಅಳತೆಗೋಲನ್ನು ಹಾಕಿದರು. ಒಂದು ಇದ್ದದ್ದು ಒಂಬೈನೂರ ಏಳಾಯಿತು. ಉಳಿದವರ ಬಿಗಿ ಇನ್ನೂ ನಲವತ್ತು ದಾಟಿರಲಿಲ್ಲ, ಅಷ್ಟೇ. ಕಸ್ತೂರಿಯ ಹೆಸರು ಪಟ್ಟಿಯಿಂದ ಹೋಯಿತು. ಅಡಿವೆವ್ವನದು, ಫಕ್ಕೀರೇಶನದು, ಕೊಟ್ರಪ್ಪನವರದು ಬಂತು.

ಫೋನಿನಲ್ಲಿ ಮುತ್ತಣ್ಣ ಗುಡುಗಿದರು. "ನಿನ್ನೆ ಒಂದು, ಇವತ್ತು ಒಂಬೈನೂರ ಏಳು! ಆ ಊರಿನವರು ನಿಮಗೆ ಏನು ಕೊಟ್ಟರು?"

ಅವರ ಅನುಮಾನ ಈ ಸಲ ಉಪಕಾರಕ್ಕೆ ಬಂತು. ನಂಬದೆ ಮೂವರು ವೈದ್ಯರನ್ನು ಕ್ಷ-ಕಿರಣದ ಗಾಡಿಯೊಡನೆ ಕಳಿಸಿದರು, ನೀರನ್ನು ಎರಡು ಕಡೆ ಪರೀಕ್ಷೆ ಮಾಡಿಸಿದರು. ವೈದ್ಯರ ಲೆಕ್ಕ ಇನ್ನೂ ಐವತ್ತು ಹೆಚ್ಚೇ ಬಂತು. ಹೊಸ್ತಿಲು ದಾಟದವರನ್ನೂ ಅವರು ಮನೆಗೆ ಹೋಗಿ ನೋಡಿದ್ದರು. ಪಟ್ಟಿ ಮುಚ್ಚುವ ಎರಡು ದಿನ ಮೊದಲು ಬಿಳಿಗಲ್ಲೂರು ಅದರ ತುದಿಗೆ ಏರಿತು. ಆದರೂ ಕೊಳವೆ ಬರಲು ಎರಡು ವರ್ಷ ಬೇಕಿತ್ತು.

ಕೊನೆಯ ದಿನ ಮೃಣಾಲಿನಿ ಹೊರಡುವಾಗ ಅಡಿವೆವ್ವ ಜೀಪಿನ ಹತ್ತಿರ ಬಂದಳು. ಹಿಂದೆ ಬಟ್ಟೆಯ ಗಂಟು ಹಿಡಿದು ಕಸ್ತೂರಿ. ಕಡೆಗೂ ಕಳಿಸಿಯೇಬಿಟ್ಟರು ಎಂದುಕೊಂಡರು ಮೃಣಾಲಿನಿ.

"ಇಕಿನ್ನ ಹಡಗಲಿ ಬಸ್ಸಿಗೆ ಹತ್ತಿಸ್ರಿ," ಅಂದಳು ಅಡಿವೆವ್ವ. ಆಮೇಲೆ ಸೊಸೆಯ ಕಡೆ ತಿರುಗಿದಳು. "ಹೊಳಿ ನೀರು ಬರೂತನಕ ತವರ ಮನ್ಯಾಗಿರು. ಫಕ್ಕೀರೇಶ ವಾರಕ್ಕೊಮ್ಮೆ ಬರ್ತಾನ. ಇಲ್ಲಿ ನೀರು ಒಂದು ಗುಟುಕೂ ಬ್ಯಾಡ. ಹುಟ್ಟೋದು ಬಗ್ಗಿ ಮಣ್ಣು ಮುಟ್ಟಂಗಿರಲಿ." ಅವಳು ಸೊಸೆಯ ಸೆರಗು ಸರಿಮಾಡಿದಳು. "ನಾ ಅಂದಿದ್ದನ್ನ ಮನಸಿನ್ಯಾಗ ಇಟ್ಕೋಬ್ಯಾಡ ಯವ್ವಾ."

ಕಸ್ತೂರಿ ಬಗ್ಗಿ ಅತ್ತೆಯ ಪಾದ ಮುಟ್ಟಿದಳು. ಆ ಓಣಿಯಲ್ಲಿ ಎಷ್ಟೋ ವರ್ಷಗಳಿಂದ ಯಾರೂ ಯಾರ ಪಾದವನ್ನೂ ಮುಟ್ಟಿರಲಿಲ್ಲ. ಅಡಿವೆವ್ವ ಅವಳನ್ನು ಎತ್ತಲು ಹೋದಳು, ಬಗ್ಗಲಾಗದೆ ಕೈಯನ್ನು ತಲೆಯ ಮೇಲಿಟ್ಟಳು.

ಜೀಪು ಹೆದ್ದಾರಿ ಸೇರಿದ ಮೇಲೆ ಕಸ್ತೂರಿ ಬಾಯಿಬಿಟ್ಟಳು. "ಬಾಯಾರ, ಈಗ ನನ್ನ ಅಂಕ ಎಷ್ಟ್ರಿ?"

"ನಿನ್ನ ಸಹಜ ನಡಿಗೆಗೆ ಒಂಬತ್ತು. ನಲವತ್ತರ ಕೆಳಗೆ ಇದ್ದರೆ ಏನೂ ತೊಂದರೆಯಿಲ್ಲ."

"ಸೊನ್ನಿ ಯಾಕಿಲ್ರಿ? ನನಗ ಯಾವ ಬ್ಯಾನೀನೂ ಇಲ್ಲ ಅಂದ್ರಿ." ಅವಳು ಸ್ವಲ್ಪ ಯೋಚಿಸಿದಳು. ಒಮ್ಮೆ ಪೆಟ್ಟು ತಿಂದವಳು, ಸುಮ್ಮನೆ ನಂಬುವವಳಾಗಿ ಉಳಿದಿರಲಿಲ್ಲ. "ಈಗ ನನ್ನ ಯಾರ ಜೋಡಿ ಹೋಲಿಸಿ ನೋಡೇತ್ರಿ ನಿಮ್ಮ ಯಂತ್ರ? ಅವರು ನೆಟ್ಟಗದಾರ ಅಂತ ಯಾರು ನೋಡ್ಯಾರ?"

ಮೃಣಾಲಿನಿ ನೋಡಿ ಹೇಳುತ್ತೇನೆ ಅಂದರು. ಬೆಂಗಳೂರಿಗೆ ಮರಳಿದ ಮೇಲೆ ಹೇಳಿದಂತೆಯೇ ನೋಡಿದರು. ರಾಜ್ಯದ ಅಳತೆಗೋಲನ್ನು ಮಾಡಿದ್ದು ಮೂವತ್ತೆರಡು ವರ್ಷದ ಹಿಂದೆ, 2026ರಲ್ಲಿ ಸಂಗ್ರಹಿಸಿದ ವಿಡಿಯೊ ಚಿತ್ರಗಳಿಂದ. ಬಸ್ ನಿಲ್ದಾಣ, ಮೆಟ್ರೋ, ಕಾಲೇಜು, ಆಸ್ಪತ್ರೆಯ ಸರತಿ ಸಾಲು. ಇಪ್ಪತ್ತು ಸಾವಿರ ಸಾಮಾನ್ಯ ಜನ. ಯಾರೂ ಕುಂಟುತ್ತಿರಲಿಲ್ಲ. ಮೊಣಕಾಲು, ಸೊಂಟ ಎಲ್ಲ ಸರಿಯಾಗಿತ್ತು. ಅವರು ಒಂದು ಚಿತ್ರವಾದ ಮೇಲೆ ಇನ್ನೊಂದನ್ನು ತೆರೆದರು. ನಿಂತವರು, ಕೂತವರು, ರಸ್ತೆ ದಾಟುತ್ತಿದ್ದವರು, ಮಗುವನ್ನು ಎತ್ತಿಕೊಂಡವರು, ಹೆಚ್ಚುಕಡಿಮೆ ಪ್ರತಿಯೊಬ್ಬರೂ ಅಂಗೈಯಲ್ಲಿದ್ದ ಫೋನಿನತ್ತ ತಲೆ ಬಾಗಿಸಿದ್ದರು. ಫೋನು ಕಿಸೆಯಲ್ಲಿದ್ದವರ ತಲೆಯೂ ಹಾಗೆಯೇ ಮುಂದಕ್ಕೆ ಬಾಗಿತ್ತು. ಅಷ್ಟು ಬಾಗಿದ ಕತ್ತನ್ನು ಯಂತ್ರ ಸೊನ್ನೆಯೆಂದು ಬರೆದುಕೊಂಡಿತ್ತು, ಮತ್ತು ಇಷ್ಟು ವರ್ಷ ಅದನ್ನು ನೋಡಿದ ಯಾರಿಗೂ ಏನೂ ಅನಿಸಿರಲಿಲ್ಲ.

ಕಸ್ತೂರಿಯ ಕತ್ತು ನೆಟ್ಟಗಿತ್ತು. ಆ ಒಂಬತ್ತು ಅಂಕ ಅದಕ್ಕೆ.