ಪಿಟೀಲು ಸುಮ್ಮನಾದ ದಿನ

“ಮಿಸ್, ಮೂಗು! ಮೈ ನೋಸ್ ಈಸ್ ರನ್ನಿಂಗ್,” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

ಇಡೀ ಕ್ಲಾಸು ನಕ್ಕಿತು. ಇಂಗ್ಲಿಷ್ ಮಿಸ್ ಕೂಡ ನಗುತ್ತಲೇ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದ ‘ರನ್’ ಪದದ ಕೆಳಗೆ ಒಂದು ಮೂಗು ಬಿಡಿಸಿದರು. ಅದರ ಪಕ್ಕದಲ್ಲಿ ಆಗಲೇ ಒಂದು ನಲ್ಲಿ, ಒಂದು ಬಸ್ಸು, ಒಂದು ಅಂಗಡಿ ಇದ್ದವು. ನಮ್ಮಲ್ಲಿ ಮೂಗು ಸೋರುತ್ತದೆ, ನೀರು ಹರಿಯುತ್ತದೆ, ಅಂಗಡಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ನೋಡಿದರೆ ಎಲ್ಲದಕ್ಕೂ ಈ ಒಂದೇ ರನ್. ಪಾಪ, ಒಂದೇ ಪದಕ್ಕೆ ಎಷ್ಟು ಕಡೆ ಕೆಲಸ ಎಂದು ಪಿಟೀಲಿಗೆ ಅನ್ನಿಸಿತು.

ಪಿಟೀಲು ಅವಳ ನಿಜವಾದ ಹೆಸರಲ್ಲ. ಎದ್ದಾಗಿನಿಂದ ಮಲಗುವವರೆಗೆ ಅವಳ ಬಾಯಿಗೆ ಬಿಡುವಿಲ್ಲ. “ಸಾಕು ಮಾಡೇ ನಿನ್ನ ಪಿಟೀಲು” ಎಂದು ಎಲ್ಲರೂ ಹೇಳಿ ಹೇಳಿ, ಕೊನೆಗೆ ಅದೇ ಹೆಸರು ಅಂಟಿಕೊಂಡಿತ್ತು.

ಅಂಥ ಪಿಟೀಲಿಗೂ ಆ ದಿನ ಒಂದೂ ಹೊಸ ರನ್ ಹೊಳೆಯಲಿಲ್ಲ. ಹೊಳೆದದ್ದನ್ನೆಲ್ಲ ಬೇರೆಯವರು ಮೊದಲೇ ಹೇಳಿಬಿಟ್ಟಿದ್ದರು. ಉಳಿದವರು ನಾಳೆ ಹೊಸದೊಂದು ರನ್ ಹುಡುಕಿ ತರಬೇಕು, ಬರೀ ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು ಎಂದು ಮಿಸ್ ಹೇಳಿದರು.

ಅಮ್ಮನ ಲಾಂಡ್ರಿ ಶಾಲೆಯ ಹಿಂದಿನ ಬೀದಿಯಲ್ಲಿತ್ತು. ಶಾಲೆ ಬಿಟ್ಟ ಮೇಲೆ ಪಿಟೀಲು ಹೋಗುವುದು ಅಲ್ಲಿಗೇ. ಅವಳು ಹೋದಾಗ ಅಮ್ಮ ಒಗೆದ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು. ಇಸ್ತ್ರಿ ಅಜ್ಜ ಒಬ್ಬರೇ ಬೀದಿಯ ಕಡೆ ಮುಖ ಮಾಡಿ ಅಂಗಿಗಳ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದರು.

ಅವರು ಸ್ವಂತ ಅಜ್ಜನಲ್ಲ. ಆದರೆ ಪಿಟೀಲು ಹುಟ್ಟುವ ಮೊದಲಿನಿಂದಲೂ ಆ ಅಂಗಡಿಯಲ್ಲಿದ್ದವರು. ಹೊಸ ಬಟ್ಟೆ ಬಂದರೆ ಅದು ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವವರೂ ಅವರೇ. ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ, ಬಿಳಿ ಚಿಂದಿಯಿಂದ ಗಟ್ಟಿಯಾಗಿ ಒತ್ತುವುದು. ಚಿಂದಿಗೆ ಬಣ್ಣ ಹತ್ತಿತೋ, ಆ ಬಟ್ಟೆಗೆ ಬೇರೆ ಬಕೆಟ್. ಅದಕ್ಕೆಂದೇ ಹಳೆಯ ಬಿಳಿ ಚಿಂದಿಗಳು ಒಳಗಿನ ಗೋಡೆಯ ಮೊಳೆಗೆ ನೇತಾಡುತ್ತಿದ್ದವು.

ಮೊಳೆಯ ಕೆಳಗೆ, ಅಜ್ಜ ಬೆಳಿಗ್ಗೆಯೇ ಒತ್ತಿ ನೋಡಿ ಪಕ್ಕಕ್ಕಿಟ್ಟಿದ್ದ ಹೊಸ ಕೆಂಪು ಪರದೆಯಿತ್ತು. ಅದರ ಅಂಚಿನ ಲೇಬಲ್ಲಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ. ಪಿಟೀಲು ಕೂಡಿಸಿ ಕೂಡಿಸಿ ಓದಿದಳು. ಕಲರ್ಸ್ ಮೇ ರನ್.

ಸಿಕ್ಕಿತು! ನಮ್ಮಲ್ಲಿ ಬಿಡುವ ಬಣ್ಣ ಇಂಗ್ಲಿಷಿನಲ್ಲಿ ಓಡುತ್ತದೆ.

ಅವಳು ಮೊಳೆಯಿಂದ ಒಂದು ಬಿಳಿ ಬಟ್ಟೆ ಎಳೆದಳು. ಪರದೆಯ ಮೂಲೆಯನ್ನು ನೀರಲ್ಲಿ ಅದ್ದಿ, ಬಿಳಿ ಬಟ್ಟೆಯೊಳಗೆ ಸುತ್ತಿ, ಇಡೀ ಕ್ಲಾಸಿಗೆ ಕಾಣಲಿ ಎಂದು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಬಿಚ್ಚಿದರೆ ನಡುವೆ ಅಂಗೈ ಅಗಲದ ಕೆಂಪು ಕಲೆ. ಖುಷಿಯಿಂದ ಅದನ್ನು ಬೆಳಕಿಗೆ ಹಿಡಿದಳು.

ಆಗ ಬಟ್ಟೆಯ ತುದಿಯಲ್ಲಿ ಕಪ್ಪು ಇಂಕಿನ ಗುರುತು ಕಂಡಿತು. ಪುಟ್ಟದೊಂದು ಕತ್ತರಿ.

ಕತ್ತರಿ ಗುರುತು ಎಂದರೆ ಮೂಲೆ ಅಂಗಡಿಯ ಕ್ಷೌರಿಕ ಮಾಮನ ಬಟ್ಟೆ. ಗಿರಾಕಿಗಳ ಕುತ್ತಿಗೆಗೆ ಸುತ್ತುವಂಥದ್ದು. ಒಗೆದು ಒಗೆದು ಚಿಂದಿಯಷ್ಟೇ ತೆಳ್ಳಗಾಗಿತ್ತು. ಹಗ್ಗದಲ್ಲಿ ಜಾಗವಿಲ್ಲವೆಂದು ಅಮ್ಮ ಅದನ್ನು ಮೊಳೆಗೆ ಸಿಕ್ಕಿಸಿ ಹೋಗಿದ್ದಳು. ಅಂಗಡಿ ಮುಚ್ಚುವುದರೊಳಗೆ ಮಾಮ ತಮ್ಮ ಬಟ್ಟೆಗಳಿಗೆ ಬರುವವರಿದ್ದರು.

ಅವಳು ಸೋಪು ಹಚ್ಚಿ ತಿಕ್ಕಿದಳು. ಕೆಂಪು ಹೋಗಲಿಲ್ಲ, ಇನ್ನಷ್ಟು ಹರಡಿತು. ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತು. ಅಜ್ಜ ಒಳಗೆ ಬರುತ್ತಿದ್ದಾರೆ! ಪಿಟೀಲು ಬಟ್ಟೆಯನ್ನು ಮುದ್ದೆ ಮಾಡಿ, ಒದ್ದೆ ಬಟ್ಟೆಯ ಬುಟ್ಟಿಯ ತಳಕ್ಕೆ ತುರುಕಿದಳು.

ಅಜ್ಜ ನೀರು ಕುಡಿಯಲು ಬಂದಿದ್ದರಷ್ಟೆ. ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಏನೇ ಪಿಟೀಲು, ಇವತ್ತು ತಂತಿ ಕಿತ್ತೋಯ್ತಾ? ಸದ್ದೇ ಇಲ್ಲ.”

ಅವಳು ತಲೆಯಾಡಿಸಿದಳು. ಬುಟ್ಟಿ ಕಾಣದ ಹಾಗೆ ಅದರ ಮುಂದೆ ಸರಿದು ನಿಂತಳು.

ಅಮ್ಮ ವಾಪಸು ಬಂದಳು. ಹೊರಗೆ ಯಾರ ಚಪ್ಪಲಿ ಸದ್ದಾದರೂ ಪಿಟೀಲು ಬಾಗಿಲ ಕಡೆ ನೋಡುತ್ತಿದ್ದಳು. ಈಗ ಹೇಳಿಬಿಡೋಣ ಎಂದು ಬಾಯಿ ತೆರೆಯುವಳು, ಅಮ್ಮ ಈ ಕಡೆ ತಿರುಗಿದೊಡನೆ ಮುಚ್ಚುವಳು. ಮಾಮ ಇವತ್ತು ಮರೆತುಬಿಡಲಿ, ಬಸ್ಸು ಕೆಟ್ಟು ಬಾರದೆ ಹೋಗಲಿ ಎಂದೆಲ್ಲ ಬೇಡಿಕೊಂಡಳು. ಮಾಮನ ಅಂಗಡಿ ಇದ್ದದ್ದು ಬೀದಿಯ ಮೂಲೆಯಲ್ಲೇ. ಅವರಿಗೆ ಬಸ್ಸೇ ಬೇಕಿರಲಿಲ್ಲ.

ಕೊನೆಗೆ ಮಾಮ ಬಂದೇ ಬಂದರು. ಅಮ್ಮ ಕಟ್ಟು ಬಿಚ್ಚಿ ನೋಡಿದಳು, ಒಂದು ಬಟ್ಟೆ ಕಡಿಮೆ. ಮೊಳೆ ನೋಡಿದಳು, ಹಗ್ಗ ನೋಡಿದಳು, ಕಡೆಗೆ ಬುಟ್ಟಿಗೆ ಕೈಹಾಕಿದಳು. ಕೆಂಪು ಮುದ್ದೆ ಹೊರಗೆ ಬಂತು.

ಕ್ಷೌರಿಕ ಮಾಮ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು. “ನೋಡಮ್ಮಾ, ಇದನ್ನ ಕುತ್ತಿಗೆಗೆ ಸುತ್ತಿದ್ರೆ ಗಿರಾಕಿ ಕುರ್ಚಿ ಸಮೇತ ಎದ್ದು ಓಡ್ತಾನೆ. ನಾನು ಯಾರದೋ ಕಿವಿ ಕತ್ತರಿಸಿದೀನಿ ಅಂದ್ಕೊಳ್ಳಲ್ವಾ?”

ಬೇರೆ ದಿನವಾಗಿದ್ದರೆ ಪಿಟೀಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅವಳು ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು.

ಅಮ್ಮ ಕೆಂಪು ಪರದೆಯನ್ನು ನೋಡಿದಳು. ಅದರ ಮೂಲೆ ಇನ್ನೂ ಒದ್ದೆಯಾಗಿತ್ತು. ಆಮೇಲೆ ಅಜ್ಜನ ಕಡೆ ತಿರುಗಿದಳು. ಬಯ್ಯಲಿಲ್ಲ, ಅವಳ ದನಿ ಸಣ್ಣಗಾಗಿತ್ತು. “ಅಜ್ಜಾ, ಆ ಪರದೆ ಒತ್ತಿ ನೋಡಿದ್ದು ಯಾವುದರಲ್ಲಿ?”

ಪಿಟೀಲಿಗೆ ಹೋದ ತಿಂಗಳಿನ ಮಾತು ನೆನಪಾಯಿತು. ಆಗ ಅಜ್ಜ ನೀಲಿ ಅಂಗಿಯೊಂದನ್ನು ಬಿಳಿ ಬಟ್ಟೆಗಳ ಜೊತೆ ನೆನೆಹಾಕಿದ್ದರು. ಇನ್ನೊಂದು ಸಲ ಹೀಗಾದರೆ ನೀವು ಮನೆಯಲ್ಲಿ ಆರಾಮವಾಗಿರುವುದೇ ಒಳ್ಳೆಯದು ಎಂದು ಅಮ್ಮ ಮೆಲ್ಲಗೆ ಹೇಳಿದ್ದಳು.

ಅಜ್ಜ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಮುಖದ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು. ಕತ್ತರಿ ಗುರುತನ್ನು ಬೆರಳಿನಿಂದ ಸವರಿದರು.

“ನಾನೇ ಇರ್ಬೇಕು ತಾಯಿ,” ಎಂದರು. “ಬೆಳಿಗ್ಗೆ ಮೊಳೆಯಿಂದ ಒಂದು ಚಿಂದಿ ತಗೊಂಡಿದ್ದೆ. ಇದೇ ಇರ್ಬೇಕು. ನಂಗೆ ಗೊತ್ತಾಗ್ಲಿಲ್ಲ.”

ಪಿಟೀಲು ಬೆಚ್ಚಿದಳು. ಅಜ್ಜ ಅವಳನ್ನು ಉಳಿಸಲು ಹಾಗೆ ಹೇಳುತ್ತಿರಲಿಲ್ಲ. ಅವರು ನಿಜವಾಗಿಯೂ ತಾವೇ ಮಾಡಿದ್ದು ಎಂದುಕೊಂಡಿದ್ದರು. ಗೂಟಕ್ಕೆ ತೂಗುಹಾಕಿದ್ದ ತಮ್ಮ ಕೈಚೀಲದ ಕಡೆ ಒಮ್ಮೆ ನೋಡಿದರು. ಅವಳಿಗೆ ಈವರೆಗಿನ ಹೆದರಿಕೆಗಿಂತ ದೊಡ್ಡ ಹೆದರಿಕೆಯಾಯಿತು. ನಾಳೆ ಆ ಚೀಲ ಅಲ್ಲಿರದಿದ್ದರೆ?

“ಅದು ನಾನು,” ಎಂದಳು.

ದನಿ ಹೊರಗೆ ಬರಲೇ ಇಲ್ಲ. ಅಮ್ಮ ಮಾಮನ ಜೊತೆ ಮಾತಾಡುತ್ತಲೇ ಇದ್ದಳು. ದಿನವಿಡೀ ಬೇಡವಾದರೂ ಬರುವ ಮಾತು, ಈಗ ಬೇಕೆಂದರೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಪಿಟೀಲು ಮುಂದೆ ಬಂದು ಅಮ್ಮನ ಸೆರಗು ಜಗ್ಗಿದಳು.

“ಅಮ್ಮಾ, ಅಜ್ಜ ಅಲ್ಲ. ಅದು ನಾನು ಮಾಡಿದ್ದು. ಸ್ಕೂಲಲ್ಲಿ ತೋರಿಸೋಕೆ. ಚಿಂದಿ ಅಂದ್ಕೊಂಡೆ. ಆಮೇಲೆ ಬಚ್ಚಿಟ್ಟೆ.”

ಅಮ್ಮ ಅವಳನ್ನೇ ನೋಡುತ್ತಾ ನಿಂತಳು. ಒಂದು ಏಟು ಬೀಳುತ್ತದೆ ಎಂದು ಪಿಟೀಲು ಕಣ್ಣು ಮುಚ್ಚಿದಳು. ಬೀಳಲಿಲ್ಲ.

“ಮೊಳೆಗೆ ಸಿಕ್ಕಿಸಿದ್ದು ನಾನೇ. ಅದು ನನ್ನ ತಪ್ಪು,” ಎಂದಳು ಅಮ್ಮ ಕೊನೆಗೆ. “ಆದ್ರೆ ಅಜ್ಜನ್ನ ಕೇಳ್ತಿದ್ದಾಗ ಸುಮ್ಮನೆ ನಿಂತಿದ್ಯಲ್ಲೇ.”

ಅದಕ್ಕಿಂತ ಏಟೇ ವಾಸಿಯಿತ್ತು. ಪಿಟೀಲಿನ ಕಣ್ಣಲ್ಲಿ ನೀರು ತುಂಬಿತು. ಹೊಸ ಬಟ್ಟೆ ತಂದುಕೊಡುತ್ತೇನೆ ಎಂದು ಅಮ್ಮ ಹೇಳಿದ್ದೂ, ಮಾಮ ಗೊಣಗುತ್ತಲೇ ಉಳಿದ ಕಟ್ಟನ್ನು ಎತ್ತಿಕೊಂಡು ಹೋದದ್ದೂ ಅವಳಿಗೆ ಸರಿಯಾಗಿ ಕೇಳಲಿಲ್ಲ. ಅವಳು ಅಜ್ಜನನ್ನು ನೋಡುತ್ತಿದ್ದಳು. ಅವರಿಗೆ ಸಿಟ್ಟು ಬಂದಿರಬೇಕು ಎಂದುಕೊಂಡಿದ್ದಳು. ಅಜ್ಜ ಸ್ಟೂಲಿನ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

“ಹಾಗಾದ್ರೆ ನಾನಲ್ಲ,” ಎಂದರು ಅಜ್ಜ, ತಮ್ಮಷ್ಟಕ್ಕೆ.

ಮರುದಿನ ಪಿಟೀಲು ಕಲೆಯಾದ ಬಟ್ಟೆಯನ್ನು ಕ್ಲಾಸಿನಲ್ಲಿ ಎತ್ತಿ ತೋರಿಸಿದಳು. “ಕಲರ್ಸ್ ರನ್” ಎಂದು ಒಂದೇ ವಾಕ್ಯ ಹೇಳಿ ಕೂತುಬಿಟ್ಟಳು. ಇಷ್ಟೇನಾ ಎಂದು ಮಿಸ್‌ಗೇ ಆಶ್ಚರ್ಯವಾಯಿತು.

ಸಂಜೆ ಅವಳು ಲಾಂಡ್ರಿಗೆ ಬಂದಾಗ ಅಜ್ಜ ಹಸಿರು ಬಟ್ಟೆಯೊಂದರ ಮೂಲೆಯನ್ನು ಒದ್ದೆ ಮಾಡುತ್ತಿದ್ದರು. ಅವಳು ಸದ್ದಿಲ್ಲದೆ ಹೋಗಿ ಪಕ್ಕದಲ್ಲಿ ನಿಂತಳು. ಅಜ್ಜ ಚಿಂದಿಯಿಂದ ಒತ್ತಿ, ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣು ಕಿರಿದು ಮಾಡಿಕೊಂಡು ತುಂಬ ಹೊತ್ತು ನೋಡಿದರು. ಅಮ್ಮ ಹೊರಗಿದ್ದಾಳೆಯೇ ಎಂದು ಒಮ್ಮೆ ಬಾಗಿಲ ಕಡೆ ತಿರುಗಿದರು. ಆಮೇಲೆ ಚಿಂದಿಯನ್ನು ಅವಳ ಮುಂದೆ ಹಿಡಿದರು.

“ಸ್ವಲ್ಪ ನೋಡಿ ಹೇಳು ಮಗಾ, ಬಣ್ಣ ಬಿಟ್ಟಿದೆಯಾ?”

ಅಜ್ಜ ಈವರೆಗೆ ಯಾರನ್ನೂ ಹಾಗೆ ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ ಎನ್ನುವುದು ಪಿಟೀಲಿಗೆ ಈಗ ಗೊತ್ತಿತ್ತು. ಅವಳು ಚಿಂದಿಯನ್ನು ಕಿಟಕಿಯ ಹತ್ತಿರ ಒಯ್ದು, ತಿರುಗಿಸಿ ತಿರುಗಿಸಿ, ಎರಡೂ ಕಡೆ ನೋಡಿದಳು.

“ಇಲ್ಲ ಅಜ್ಜಾ, ಬಿಟ್ಟಿಲ್ಲ,” ಎಂದಳು ಮೆಲ್ಲಗೆ, ಅಜ್ಜನಿಗೆ ಮಾತ್ರ ಕೇಳುವಷ್ಟು.